ಬಿದ್ದ ಮರದ ಎತ್ತರ

ಒಂದು ಕಂಪ್ಯೂಟರ್ ಆಟದೊಳಗಿನ ಕಾಡಿನಲ್ಲಿ ಕಾಗೆಯೊಂದಿತ್ತು. ಯಾವುದರ ಮೇಲೆ ಎಲ್ಲಿ ಕೂರಬೇಕೆಂದು ಅದಕ್ಕೆ ಹೇಳುತ್ತಿದ್ದವನು ಸೂತ್ರರಾಯನೆಂಬ ಲೆಕ್ಕಿಗ. "ವಸ್ತುವಿನ ನಡುಮಧ್ಯದಿಂದ ಅದರ ಅರ್ಧ ಎತ್ತರ ಮೇಲೇರು, ಅಲ್ಲೇ ಕೂರು" ಎಂಬುದು ಅವನ ಒಂದೇ ಮಂತ್ರ. ಪೆಟ್ಟಿಗೆ, ಕಂಬ, ನಿಂತ ಮರ, ಎಲ್ಲದರ ಮೇಲೂ ಕಾಗೆ ಠೀವಿಯಿಂದ ಕೂತಿತು.

ಒಂದು ದಿನ ಬಿರುಗಾಳಿಗೆ ಮರ ಉರುಳಿತು. ಸೂತ್ರರಾಯ ನಿಂತ ಮರದ ಲೆಕ್ಕವನ್ನೇ ಮತ್ತೆ ಒಪ್ಪಿಸಿದ. ಕಾಗೆ ಹೋಗಿ ಕೂತರೆ ಮರ ಎಲ್ಲೋ ಕೆಳಗಿದೆ, ತಾನು ತ್ರಿಶಂಕು! ಆಡುವವರೆಲ್ಲ ಬಿದ್ದು ಬಿದ್ದು ನಕ್ಕರು. "ನಾಳೆ ಈ ಕಾಗೆಯನ್ನೇ ತೆಗೆದುಬಿಡುತ್ತೇನೆ" ಎಂದ ಆಟ ಕಟ್ಟಿದವನು.

"ರಾಯರೇ, ನನ್ನ ಕಾಲ ಕೆಳಗೆ ಏನೂ ಇಲ್ಲವಲ್ಲ!" ಎಂದು ಕಾಗೆ ಅಂಗಲಾಚಿತು.

"ಲೆಕ್ಕ ಸರಿಯಾಗಿಯೇ ಇದೆ. ಮರವೇ ತಪ್ಪಾಗಿ ಬಿದ್ದಿದೆ" ಎಂದ ಸೂತ್ರರಾಯ.

ಅಷ್ಟರಲ್ಲಿ ಬಿಸಿಲುಕೋಲೊಂದು ಮೇಲಿನಿಂದ ನೆಟ್ಟಗಿಳಿದು, ಮರದ ತೊಗಟೆ ತಾಗಿದಲ್ಲಿ ನಿಂತಿತು.

"ಅಣ್ಣಾ, ನಿನ್ನ ಲೆಕ್ಕ ಯಾವುದು?" ಎಂದು ಕೇಳಿತು ಕಾಗೆ.

"ನನಗೆ ಲೆಕ್ಕ ಬಾರದು ತಂಗೀ. ತಾಗುವ ತನಕ ಇಳಿಯುತ್ತೇನೆ, ಅಷ್ಟೇ."

ಕಾಗೆ ಅದರ ಜಾಡಿನಲ್ಲೇ ಇಳಿದು ತೊಗಟೆಯ ಮೇಲೆ ಕಾಲೂರಿತು. ಸೂತ್ರರಾಯ ಮಾತ್ರ ಇಂದಿಗೂ ತನ್ನ ಲೆಕ್ಕದ ಎತ್ತರದಲ್ಲಿ ಗಾಳಿಯಲ್ಲೇ ನಿಂತು, ಮರ ಎದ್ದು ಬರಲೆಂದು ಕಾಯುತ್ತಿದ್ದಾನೆ.