ಸೂರು ಹೊದಿಸುವ ಕೂಲಿ

ಹೊಳೆದಂಡೆಯಲ್ಲಿ ಒಂದು ಹುಲ್ಲಿನ ಗುಡಿಸಲು. ಅಲ್ಲಿ ಒಬ್ಬರು ಮುದಿ ಗುರುಗಳು, ಅವರಿಗೊಬ್ಬನೇ ಶಿಷ್ಯ, ಶಂಭುಲಿಂಗ.

ಸೂರಿನ ಹುಲ್ಲು ಹಳತಾಗಿ ಪುಡಿಪುಡಿಯಾಗಿತ್ತು. ಗುರುಗಳಿಗೆ ಬಿಡದ ಕೆಮ್ಮು. ಈ ಮಳೆಗಾಲದಲ್ಲಿ ಅವರು ನೆನೆದರೆ ಉಳಿಯುವುದಿಲ್ಲ ಎಂದು ಶಂಭುಲಿಂಗನಿಗೆ ಭಯ. ಹೆತ್ತವರನ್ನು ಕಾಣದ ಅವನಿಗೆ ಮನೆಯೆಂದರೆ ಆ ಗುಡಿಸಲು, ಮನೆಯವರೆಂದರೆ ಆ ಗುರುಗಳು.

ಹೊಸ ಹುಲ್ಲು ಹೊದಿಸಲು ಎಷ್ಟಾಗುತ್ತದೆ ಎಂದು ಕೇಳಲು ದುರುಗಜ್ಜನ ಬಳಿ ಹೋದ. ಸುತ್ತಲಿನ ಹಳ್ಳಿಗಳಿಗೆಲ್ಲ ಸೂರು ಹೊದಿಸುವವನು ಅವನೇ.

"ಹುಲ್ಲು ಹೊಳೆ ದಂಡೇಲೇ ಐತೆ, ಕೊಯ್ಕಂಡ್ರಾತು," ಎಂದ ದುರುಗಜ್ಜ. "ನಂಗೆ ನಾಕು ದಿನ ಎರಡೊತ್ತು ಮುದ್ದೆ ಹಾಕಿ, ಸಾಕು. ಆದ್ರೆ ಮನೆಮಗ ಕೆಳಗೆ ನಿಂತು ಹುಲ್ಲಿನ ಸಿವುಡು ಒಂದೊಂದೇ ಎತ್ತಿ ಕೊಡ್ಬೇಕು. ಕೂಲಿಯೋರು ಕೊಟ್ರೆ ನಾನು ಮುಟ್ಟಲ್ಲ. ನಮ್ಮಪ್ಪನ ಕಾಲ್ದಿಂದ್ಲೂ ಹಂಗೇಯ."

ಶಂಭುಲಿಂಗನ ಮುಖ ಇಳಿಯಿತು. ಹನ್ನೆರಡು ವರ್ಷದ ಪಾಠ ಕೊನೆಯ ಅಧ್ಯಾಯಕ್ಕೆ ಬಂದಿತ್ತು. ಅಂಥ ಹೊತ್ತಿನಲ್ಲಿ ಓಲೆಗರಿ ಮುಚ್ಚಿಟ್ಟು, ತಲೆ ತುಂಬ ಧೂಳು ಸುರಿಸಿಕೊಂಡು, ನಾಲ್ಕು ದಿನ ಹುಲ್ಲು ಎತ್ತಿಕೊಡುತ್ತ ನಿಲ್ಲುವುದೇ?

"ಏನು ಕೇಳಿದ ದುರುಗಜ್ಜ?" ಎಂದರು ಗುರುಗಳು, ಅವನು ಗುಡಿಸಲಿಗೆ ಮರಳಿದಾಗ.

"ತುಂಬ ದುಬಾರಿ, ಬುದ್ಧಿ. ನಮ್ಮಿಂದ ಆಗೋದಲ್ಲ. ನಾನೇ ಹೊದಿಸ್ತೀನಿ."

"ಆಗಲಿ."

ಗುರುಗಳ ಮೇಲೆ ಅವನಿಗಿದ್ದ ಪ್ರೀತಿಗೇನೂ ಕೊರತೆಯಿರಲಿಲ್ಲ, ಪಾಪ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ, ಅಷ್ಟೇ. ಬೆಳಗಿನ ಪಾಠಕ್ಕೂ ಸಂಜೆಯ ಪಾಠಕ್ಕೂ ನಡುವೆ ಹುಲ್ಲು ಕೊಯ್ದು ತಂದ, ಏಣಿ ಹತ್ತಿದ. ಗುರುಗಳು ಮಲಗುವ ಜಾಗ ನಡುಮನೆಯಲ್ಲಿ, ಸೂರಿನ ನೆತ್ತಿಯ ನೇರಕ್ಕೆ. ಮೊದಲು ಅದು ಬೆಚ್ಚಗಾಗಲಿ ಎಂದು ನೆತ್ತಿಯಿಂದಲೇ ಶುರುಮಾಡಿ, ಸಾಲಿನ ಮೇಲೆ ಸಾಲು ಹೇರುತ್ತ ಕೆಳಗಿಳಿದು ಬಂದ. ಎರಡೇ ದಿನದಲ್ಲಿ ಮುಗಿಸಿ ಬೀಗಿದ.

ಮೂರನೆಯ ದಿನ ಮಧ್ಯಾಹ್ನ ಮಳೆ ಬಂತು. ಮೇಲಿನ ಸಾಲಿನಿಂದ ಜಾರಿದ ನೀರು ಕೆಳಗಿನ ಸಾಲಿನ ಮೇಲೆ ಹರಿಯಲಿಲ್ಲ, ಅದರ ಅಡಿಗೆ ನುಗ್ಗಿ ನೇರ ಮನೆಯೊಳಗೆ ಇಳಿಯಿತು. ಆತುರಗಾರನಿಗೆ ಬುದ್ಧಿ ಮಟ್ಟ.

ಸೊಪ್ಪು ತರಲು ಹೋಗಿದ್ದ ಶಂಭುಲಿಂಗ ಓಡಿ ಬಂದಾಗ ಗುರುಗಳು ಮೂಲೆಯಲ್ಲಿ ತೊಪ್ಪೆಯಾಗಿ ಕೂತಿದ್ದರು. ಇದ್ದ ಒಂದೇ ಕಂಬಳಿಯಲ್ಲಿ ಏನನ್ನೋ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದರು.

"ಕಂಬಳಿ ಹೊದೆಯಬಾರದಿತ್ತಾ ಬುದ್ಧಿ?"

"ನಿನ್ನ ಓಲೆಗರಿ ನೆನೆಯುತ್ತಲ್ಲೋ."

ಗುರುಗಳ ಕೆಮ್ಮು ಏರಿತು. ಶಂಭುಲಿಂಗ ದೂರದ ಪೇಟೆಯ ಪಂಡಿತರ ಬಳಿ ಲೇಹ್ಯ ತರಲು ಓಡಿದ. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ.

ಎರಡು ದಿನ ಬಿಟ್ಟು ಲೇಹ್ಯ ಹಿಡಿದು ಬಂದು ನೋಡುತ್ತಾನೆ, ದುರುಗಜ್ಜ ಏಣಿಯ ಮೇಲಿದ್ದಾನೆ. ಶಂಭುಲಿಂಗ ಹೊದಿಸಿದ್ದನ್ನೆಲ್ಲ ಕಿತ್ತು, ಕೆಳಗಿನ ಅಂಚಿನಿಂದ ಹೊಸದಾಗಿ ಹೊದಿಸುತ್ತ ಅರ್ಧಕ್ಕೆ ಬಂದಿದ್ದಾನೆ. ಕೆಳಗೆ ಗುರುಗಳು, ಗಡ್ಡದ ತುಂಬ ಹುಲ್ಲು. ಕೆಮ್ಮು ಬಂದಾಗ ಕಲ್ಲಿನ ಮೇಲೆ ಕೂರುತ್ತಾರೆ, ಅದು ನಿಂತಾಗ ಎದ್ದು ಇನ್ನೊಂದು ಸಿವುಡು ಎತ್ತಿ ಕೊಡುತ್ತಾರೆ.

"ಬಂದ್ಯಾ ಸಾಮಿ?" ಎಂದ ದುರುಗಜ್ಜ ಮೇಲಿನಿಂದ. "ಮಗ ಇಲ್ದಿದ್ರೆ ಅಪ್ಪ ಕೊಟ್ರೂ ನಡೀತೈತೆ ಅಂತ ಬುದ್ಧಿಯೋರೇ ಕರೆಸಿ ಹಟ ಹಿಡುದ್ರು."

ಶಂಭುಲಿಂಗ ಓಡಿ ಹೋಗಿ ಗುರುಗಳ ಕಾಲು ಹಿಡಿದ. ಕಣ್ಣೀರು ನಿಲ್ಲಲಿಲ್ಲ.

"ಅಜ್ಜ ಕೇಳಿದ್ದು ಬರೀ ಎರಡು ಹೊತ್ತಿನ ಮುದ್ದೆ, ನನ್ನ ನಾಲ್ಕು ದಿನ. ನಿಮ್ಮ ಹತ್ತಿರ ದುಬಾರಿ ಅಂತ ಸುಳ್ಳು ಹೇಳಿಬಿಟ್ಟೆ, ಬುದ್ಧಿ."

ಗುರುಗಳು ಅವನ ತೋಳು ಹಿಡಿದು ಎಬ್ಬಿಸಿದರು. ತಮ್ಮ ಕೈಯಲ್ಲಿದ್ದ ಸಿವುಡನ್ನು ಅವನ ಕೈಯಲ್ಲಿಟ್ಟರು.

"ಸುಳ್ಳಲ್ಲ ಮಗಾ, ದುಬಾರಿನೇ. ಅದಕ್ಕೇ ಅರ್ಧ ನಾನು ಕೊಟ್ಟಿದ್ದೀನಿ."