ಬೊಕ್ಕಸಯ್ಯನ ಖಾಲಿ ಬೇಸಿಗೆ

ಹಿಪ್ಪೆಕೆರೆ ಕಾಡಿನಿಂದ ಬಂದಿರುವ ಸುದ್ದಿ ಆತಂಕಕಾರಿಯಾಗಿದೆ. ಅಲ್ಲಿನ ಅಳಿಲು ಬೊಕ್ಕಸಯ್ಯನವರು ಹಾಡಹಗಲೇ, ಎಲ್ಲರೂ ನೋಡುತ್ತಿದ್ದಂತೆ, ಆಕಳಿಸಿದರು. ಎಲ್ಲರೂ ಎಂದರೆ ಕೆರೆಯ ಆಮೆ ನಿಂಗಜ್ಜಿ ಒಬ್ಬಳೇ. ಆದರೂ ಸಂಜೆಯೊಳಗೆ ವಿಷಯ ಕಾಡಿಗೆಲ್ಲ ಹಬ್ಬಿತು.

ಮಕ್ಕಳೇ, ಇದು ಎಷ್ಟು ಗಂಭೀರ ವಿಷಯವೆಂದು ತಿಳಿಯಲು ಬೊಕ್ಕಸಯ್ಯ ಯಾರೆಂದು ನಿಮಗೆ ಗೊತ್ತಿರಬೇಕು. ಅವನು ಆ ಕಾಡಿನ ಉಳಿತಾಯ ಸಲಹೆಗಾರ. ಸುಗ್ಗಿಯಲ್ಲಿ ಸಿಕ್ಕ ಕಾಳು, ಬೀಜ, ಗೆಡ್ಡೆಗಳನ್ನು ಮಳೆಗಾಲಕ್ಕೆ ಹೇಗೆ ಕಾಪಾಡಿಕೊಳ್ಳಬೇಕು ಎಂದು ಹೇಳುವುದು ಅವನ ಕಸುಬು. ಸುಗ್ಗಿ ಬಂತೆಂದರೆ ಅವನ ಅತ್ತಿಮರದ ಕೆಳಗೆ ನಿಂತ ಸಾಲು ಕೆರೆ ಏರಿಯವರೆಗೆ ಬೆಳೆಯುತ್ತಿತ್ತು. ಅವನು ಕೊಂಬೆಯ ಮೇಲೆ ಕುಳಿತು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ:

"ಎಲ್ಲವನ್ನೂ ಒಂದೇ ಕಡೆ ಇಡಬೇಡಿ. ಮೂರು ಕಡೆ ಹಂಚಿ ಹೂತಿಡಿ. ಮುಂದಿನವರು ಬನ್ನಿ."

ಸಲಹೆ ಚೆನ್ನಾಗಿತ್ತು. ಮುಂದಿನವರು ಬರುತ್ತಿದ್ದರು. ಹಿಂದಿನವರು ಏನು ಮಾಡಿದರು ಎಂದು ಕೇಳಲು ಪುರುಸೊತ್ತು ಇರಲಿಲ್ಲ.

ಈಗ ಬೇಸಿಗೆ. ಹೂತಿಡಲು ಯಾರ ಬಳಿಯೂ ಹೊಸ ಕಾಳಿರಲಿಲ್ಲ. ಪ್ರಾಣಿಗಳು ನೆರಳು ಸಿಕ್ಕಲ್ಲಿ ಬಿದ್ದುಕೊಂಡಿದ್ದವು. ಬಿದಿರುಮೆಳೆಯಲ್ಲಿ ಇದೇ ಕಸುಬು ಮಾಡುತ್ತಿದ್ದ ಕೆಂಬೂತ ಗಂಭೀರಪ್ಪ, ಮಳೆ ಬಂದ ಮೇಲೆ ಸಿಗುತ್ತೇನೆಂದು ಸಾರಿ ಹೊಳೆಯಾಚೆಯ ತಂಪಿಗೆ ಹೊರಟುಹೋದ. ಅವನ ದನಿ ಎಷ್ಟು ಗಂಭೀರವೆಂದರೆ, ರಜೆಗೆ ಹೋಗುತ್ತೇನೆಂದದ್ದೂ ಒಂದು ಸಲಹೆಯಂತೆಯೇ ಕೇಳಿಸಿತು.

ಬೊಕ್ಕಸಯ್ಯ ಉಳಿದ. ಬಾಲ ಬಾಚಿದ. ಕೂರುವ ಕೊಂಬೆ ಒರೆಸಿದ. ಮತ್ತೆ ಬಾಲ ಬಾಚಿದ. ಆಮೇಲೆ ಆಕಳಿಸಿದ.

"ಏನಯ್ಯಾ, ಹಲ್ಲೆಲ್ಲ ಕಾಣ್ತಾ ಇದೆ," ಎಂದಳು ನಿಂಗಜ್ಜಿ, ಕೆಸರಿನಿಂದ ತಲೆ ಹೊರಗಿಟ್ಟು.

"ಗಿರಾಕಿಗಳಿಲ್ಲ ಅಜ್ಜಿ."

"ಯಾಕಿಲ್ಲ? ಅವರವರ ಮನೇಲಿದ್ದಾರೆ. ಹೋಗಿ ಮಾತಾಡಿಸು."

"ಸಲಹೆಗಾರ ತಾನಾಗಿ ಹೋಗಿ ಬಾಗಿಲು ತಟ್ಟಿದರೆ ಮರ್ಯಾದೆ ಉಳಿಯುತ್ತಾ?"

"ಮರ್ಯಾದೆನ ಇಲ್ಲೇ ಇಟ್ಟು ಹೋಗು, ನಾನು ನೋಡ್ಕೋತೀನಿ. ಈ ಬಿಸಿಲಲ್ಲಿ ಅದನ್ನ ಯಾರೂ ಕದಿಯಲ್ಲ."

ಬೊಕ್ಕಸಯ್ಯನಿಗೆ ಬೇಜಾರಾಯಿತು. ಆದರೆ ಮರದ ಮೇಲೆ ಕುಳಿತಿರುವ ಬೇಜಾರು ಅದಕ್ಕಿಂತ ದೊಡ್ಡದಿತ್ತು. ಇಳಿದು ಹೊರಟ.

ಕಾರೆಮುಳ್ಳಿನ ಪೊದೆಯ ಕೆಳಗೆ ಇಲಿ ಪುಟ್ಟೀರಮ್ಮ ತುಂಬು ಬಸುರಿನ ಹೊಟ್ಟೆ ಹೊತ್ತು ಮಲಗಿದ್ದಳು. ಅವನನ್ನು ಕಂಡು ಗಾಬರಿಯಾಗಿ ಎದ್ದಳು.

"ನನ್ನಿಂದೇನಾದ್ರೂ ತಪ್ಪಾಯ್ತಾ?"

"ಇಲ್ಲಮ್ಮ, ಸುಮ್ಮನೆ ಬಂದೆ."

"ಸಲಹೆಗಾರರು ಸುಮ್ಮನೆ ಬರ್ತಾರಾ?" ಎಂದು ಅವಳು ಅವನ ಹಿಂದೆ ಇನ್ನಾರಾದರೂ ಇದ್ದಾರೋ ಎಂದು ಇಣುಕಿ ನೋಡಿದಳು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ನೆರಳಿನಲ್ಲಿ ಜಾಗ ಬಿಟ್ಟು ಕೂರಿಸಿದಳು. "ಮಳೆ ಶುರುವಾಗೋ ಹೊತ್ತಿಗೆ ಮರಿಗಳಾಗ್ತವೆ. ಆಗ ಗೂಡು ಬಿಟ್ಟು ಹೋಗೋಕಾಗಲ್ಲ, ಕೂಡಿಟ್ಟಿದ್ದರಲ್ಲೇ ಆಗಬೇಕು. ಆದ್ರೂ ಧೈರ್ಯವಾಗಿದೀನಿ. ನೀವು ಹೇಳಿದ ಹಾಗೆ ಮೂರು ಕಡೆ ಇಟ್ಟಿದೀನಿ."

"ಎಲ್ಲೆಲ್ಲಿ?" ಎಂದ ಬೊಕ್ಕಸಯ್ಯ. ಅವನು ಈ ಪ್ರಶ್ನೆ ಕೇಳಿದ್ದು ಇದೇ ಮೊದಲು.

ಪುಟ್ಟೀರಮ್ಮ ಹೆಮ್ಮೆಯಿಂದ ಕರೆದುಕೊಂಡು ಹೋಗಿ ತೋರಿಸಿದಳು. "ಇಲ್ಲೊಂದು. ಆ ಕಲ್ಲಿನ ಪಕ್ಕ ಇನ್ನೊಂದು. ಅಗೋ, ತಿರುವಿನಲ್ಲಿ ಮೂರನೇದು. ಮರಳು ನೋಡಿ, ಅಗೆಯೋಕೆ ಎಷ್ಟು ಸಲೀಸು."

"ಇದು ಹಳ್ಳ ಅಲ್ವೇನಮ್ಮ?"

"ಹೌದು, ಒಣಹಳ್ಳ."

"ಮಳೆ ಬಂದರೆ?"

ಪುಟ್ಟೀರಮ್ಮ ಹೋದ ಮಳೆಗಾಲ ಮುಗಿದ ಮೇಲೆ ಹುಟ್ಟಿದವಳು. ಹಳ್ಳದಲ್ಲಿ ನೀರು ಹರಿದದ್ದನ್ನು ನೋಡಿಯೇ ಇರಲಿಲ್ಲ. ಬೊಕ್ಕಸಯ್ಯ ಸುತ್ತಲೂ ಕಣ್ಣು ಹಾಯಿಸಿದ. ಮರಳಿನ ತುಂಬ ಈ ಸುಗ್ಗಿಯ ಗುಪ್ಪೆಗಳು. ನೀರು ಹರಿದದ್ದನ್ನು ಕಂಡವರೂ ಅಗೆಯುವ ಸಲೀಸಿನಲ್ಲಿ ಅದನ್ನು ಮರೆತಿದ್ದರು. ಇಡೀ ಕಾಡು ಮೂರು ಮೂರು ಕಡೆ ಹಂಚಿಟ್ಟಿತ್ತು, ಒಂದೇ ಹಳ್ಳದಲ್ಲಿ.

ಅವನಿಗೆ ಮೊದಲು ಹೊಳೆದದ್ದು, ತನ್ನ ಸಲಹೆಯಲ್ಲಿ ಯಾರೂ ತಪ್ಪು ಹುಡುಕಲಾರರು ಎಂಬುದು. ಮೂರು ಎಂದಿದ್ದ, ಮೂರೇ ಇದ್ದವು. ಆಮೇಲೆ ಪುಟ್ಟೀರಮ್ಮನ ಹೊಟ್ಟೆ ನೋಡಿದ. ಆ ಯೋಚನೆ ಮುಂದುವರಿಯಲಿಲ್ಲ.

"ನಾನು ಅರ್ಧ ಮಾತು ಹೇಳಿದ್ದೆ ಕಣಮ್ಮ," ಎಂದ.

"ಅಷ್ಟು ಜನ ಸಾಲಲ್ಲಿ ನಿಂತಿದ್ರೆ ಪೂರ್ತಿ ಹೇಗೆ ಹೇಳ್ತೀರಿ, ಪಾಪ," ಎಂದಳು ಅವಳು. ಬೈದಿದ್ದರೆ ಅವನಿಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಅಂದೇ ಅವಳ ಒಂದು ಪಾಲು ಒಣಮರದ ಪೊಟರೆಗೆ ಹೋಯಿತು, ಇನ್ನೊಂದು ದಿಬ್ಬದ ಆಲದ ಬೇರಿಗೆ, ಮತ್ತೊಂದು ಬಂಡೆಯ ಬಿರುಕಿಗೆ. ಮರುದಿನದಿಂದ ಬೊಕ್ಕಸಯ್ಯ ನೆರಳಿನಿಂದ ನೆರಳಿಗೆ ಹೊರಟ. ಸುಗ್ಗಿಯಲ್ಲಿ ಯಾರಿಗೂ ಮಾತಿಗೆ ಹೊತ್ತಿರಲಿಲ್ಲ. ಬೇಸಿಗೆಯಲ್ಲಿ ಎಲ್ಲರಿಗೂ ಅದೊಂದೇ ಕೆಲಸ. ಮಾತಾಡಿಸುತ್ತಾ ಹೋದಂತೆ ಅವನ ಗಿರಾಕಿಗಳ ಕಾಳೆಲ್ಲ ಒಂದೊಂದಾಗಿ ಹಳ್ಳದಿಂದ ಮೇಲೆ ಬಂತು.

ಮುಳ್ಳುಹಂದಿ ಕರಿಯಜ್ಜ ಕೂಡಿಟ್ಟದ್ದೆಲ್ಲ ಗಟ್ಟಿ ಬೀಜ. ಬಾಯಲ್ಲಿ ಹಲ್ಲಿರಲಿಲ್ಲ.

"ಹಲ್ಲು ಯಾವಾಗ ಬಿತ್ತಜ್ಜ?"

"ಹೋದ ವರ್ಷ. ನೀನು ಕೇಳ್ಲಿಲ್ಲ, ನಾನೂ ನಗ್ಲಿಲ್ಲ."

ಪುಟ್ಟೀರಮ್ಮನ ಹಲ್ಲು ಗಟ್ಟಿಯಾಗಿತ್ತು, ಅವಳ ಬಳಿ ಮೆತ್ತನೆಯ ಗೆಡ್ಡೆಗಳೂ ಇದ್ದವು. ಬೊಕ್ಕಸಯ್ಯ ಇಬ್ಬರ ಮಾಲನ್ನೂ ಅದಲುಬದಲು ಮಾಡಿಸಿದ. ಗಂಭೀರಪ್ಪನ ಗಿರಾಕಿಗಳಾದ ಕಾಡುಕೋಳಿಗಳಿಗೂ ಹಳ್ಳದ ವಿಷಯ ಹೇಳಿದ. "ನಮ್ಮ ಸಲಹೆಗಾರರು ಬರಲಿ, ಒಂದು ಮಾತು ಕೇಳಿ ಮಾಡ್ತೀವಿ," ಎಂದವು ಅವು.

ಅವರು ಬರುವ ಮೊದಲೇ ಮಳೆ ಬಂತು. ಒಂದು ಮಧ್ಯಾಹ್ನ ಮೂಡಣ ಗುಡ್ಡದ ಮೇಲೆ ಗುಡುಗಿತು. ಸಂಜೆಗೆ ಹಳ್ಳ ಕೆಂಪಗೆ, ದಡದಿಂದ ದಡಕ್ಕೆ ಹರಿಯಿತು. ಕಾಡುಕೋಳಿಗಳ ಕಾಳು, ಮೂರೂ ಕಡೆಯದು, ಕೆರೆಯ ಮೀನುಗಳ ಪಾಲಾಯಿತು. ಮೀನುಗಳು ಯಾರ ಸಲಹೆಯನ್ನೂ ಪಡೆದಿರಲಿಲ್ಲ.

ಗಂಭೀರಪ್ಪ ಮೈ ತುಂಬಿಕೊಂಡು ಮರಳಿದ. ಕೋಳಿಗಳು ಸುತ್ತುಗಟ್ಟಿದವು.

"ಸಲಹೆ ಸರಿಯಾಗಿಯೇ ಇತ್ತು. ಹಳ್ಳ ಅದನ್ನು ಪಾಲಿಸಲಿಲ್ಲ," ಎಂದ ಅವನು, ಅದೇ ದನಿಯಲ್ಲಿ.

"ನೀವಾದ್ರೂ ಇದ್ದಿದ್ರೆ ಹಳ್ಳಕ್ಕೆ ಹೇಳ್ತಿದ್ರಿ," ಎಂದಿತು ಒಂದು ಮುದಿ ಕೋಳಿ, ಮತ್ತು ಅತ್ತಿಮರದ ಕಡೆ ನಡೆಯಿತು. ಉಳಿದವು ಹಿಂದೆ ಹೋದವು. ಬೊಕ್ಕಸಯ್ಯ ತನ್ನ ಗಿರಾಕಿಗಳನ್ನು ಕೇಳಿ, ಆ ಮಳೆಗಾಲ ದಾಟುವಷ್ಟು ಕಾಳು ಅವಕ್ಕೆ ಕೊಡಿಸಿದ.

ಪುಟ್ಟೀರಮ್ಮನ ಮರಿಗಳೆಲ್ಲ ಬದುಕಿದವು. ಗಂಭೀರಪ್ಪ ಈಗ ಹವಾಮಾನ ಹೇಳುತ್ತಾನೆ.

ನೀತಿ: ಗಿರಾಕಿ ಬಾರದ ಕಾಲ ಸಲಹೆಗಾರನ ರಜೆಯಲ್ಲ; ತಾನು ಕೊಟ್ಟ ಸಲಹೆ ಏನಾಯಿತೆಂದು ಹೋಗಿ ನೋಡಲು ಸಿಕ್ಕ ಸಮಯ.