ತೆರೆಯ ಮೇಲಿನ ಕಡೆಯ ಸಾಲು

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಗುರು ಅಡವೆಪ್ಪಜ್ಜ, ಶಿಷ್ಯ ಚನ್ನವೀರ.

ಚನ್ನವೀರ ಜಾಣ. ಎಷ್ಟು ಜಾಣನೆಂದರೆ, ಎದುರಿನವರ ಮಾತನ್ನು ಅವರಿಗಿಂತ ಮುಂಚೆ ತಾನೇ ಮುಗಿಸುತ್ತಿದ್ದ.

"ಚನ್ನವೀರಾ, ಹೊಳಿ ಕಡೆ..." ಎಂದು ಅಜ್ಜ ಬಾಯಿ ತೆರೆದರೆ ಸಾಕು.

"ನೀರು ತರಬೇಕಲ್ರಿ? ಈಗ ತರ್ತೀನ್ರಿ!" ಎಂದು ಕೊಡ ಎತ್ತಿಕೊಂಡು ಓಡುತ್ತಿದ್ದ.

ಅಜ್ಜ ಹೇಳಹೊರಟದ್ದು, ಹೊಳೆಯ ಕಡೆಯ ಬಾಗಿಲು ಹಾಕು ಎಂದು. ಇವನು ನೀರು ತರುವಷ್ಟರಲ್ಲಿ ಆಡು ಒಳಗೆ ಬಂದು ದಾಸವಾಳದ ಗಿಡವನ್ನು ಬೋಳು ಮಾಡಿರುತ್ತಿತ್ತು.

ಮಠದಲ್ಲಿ ಒಂದು ಕಂಪ್ಯೂಟರ್ ಇತ್ತು. ದಿನಾ ಮುಂಜಾನೆ ಅದರಿಂದ ಶಹನಾಯಿ ಕೇಳಿಬರುತ್ತಿತ್ತು. ಅದಕ್ಕಿಂತ ದೊಡ್ಡ ಸಂಪತ್ತೆಂದರೆ, ಬಸಲಿಂಗವ್ವನ ನಲವತ್ಮೂರು ತತ್ವಪದಗಳು ಅದರಲ್ಲಿದ್ದವು. ಹಿಂದಿನ ವರ್ಷ ಆ ಮುದುಕಿ ಹಾಡಿದ್ದನ್ನು ಚನ್ನವೀರನೇ ರೆಕಾರ್ಡ್ ಮಾಡಿದ್ದ. ಆಮೇಲೆ ಗಂಟಲಿನ ಆಪರೇಷನ್ ಆಗಿ ಆಕೆಯ ದನಿ ಹೋಯಿತು. ಈಗ ಪಿಸುಮಾತು ಮಾತ್ರ.

ಆ ಪದಗಳು ಬೇರೆ ಯಾರಿಗೂ ಬರುತ್ತಿರಲಿಲ್ಲ. ಇನ್ನೊಂದು ಕಡೆ ನಕಲು ಮಾಡಿಡಬೇಕು ಎಂದು ಚನ್ನವೀರ ದಿನಾ ಅಂದುಕೊಳ್ಳುತ್ತಿದ್ದ. ನಾಳೆ ಎಂದವನ ಮನೆ ಹಾಳು ಅನ್ನುವುದು ಸುಮ್ಮನಲ್ಲ.

ಒಂದು ದಿನ ತೆರೆಯ ಮೇಲೆ ಸೂಚನೆ ಬಂತು. ಹೊಸ ಫರ್ಮ್‌ವೇರ್ ಬಂದಿದೆ, ಹಾಕಲೇ? ಫರ್ಮ್‌ವೇರ್ ಎಂದರೆ ಕಂಪ್ಯೂಟರ್ ಕಣ್ಣುಬಿಟ್ಟ ಕೂಡಲೇ ಮೊದಲು ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂದು ಹೇಳಿಕೊಡುವ ಸಣ್ಣ ತಂತ್ರಾಂಶ. ಚನ್ನವೀರ ಪೂರ್ತಿ ಓದದೆ ಹೂಂ ಎಂದು ಒತ್ತಿದ.

ಕಂಪ್ಯೂಟರ್ ಆರಿತು. ಮತ್ತೆ ಹೊತ್ತಿತು. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರಗಳು ಬಂದು ನಿಂತವು. ಅಷ್ಟೇ.

ಮೂರು ದಿನ ಚನ್ನವೀರ ಮೊಬೈಲಿನಲ್ಲಿ ಸಿಕ್ಕ ವಿಡಿಯೊಗಳನ್ನೆಲ್ಲ ನೋಡಿದ. ಆರಿಸಿದ, ಹಚ್ಚಿದ. ವಯರು ಬದಲಿಸಿದ. ಕೊನೆಗೆ ವಿಭೂತಿಯನ್ನೂ ಹಚ್ಚಿದ. ಪಟ್ಟಣದ ರಿಪೇರಿಯವನಿಗೆ ಫೋನ್ ಮಾಡಿದರೆ, "ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕ್ರಿ, ಹಳೇದು ಉಳಿಯೂದಿಲ್ಲ" ಎಂದ.

ನಾಲ್ಕನೆಯ ದಿನ ಬಸಲಿಂಗವ್ವ ತನ್ನ ದನಿಯನ್ನು ಕೇಳಲು ಮಧ್ಯಾಹ್ನ ಬರುವವಳಿದ್ದಳು. ಮುಂಜಾನೆ ಚನ್ನವೀರ ಅಜ್ಜನ ಕಾಲಿಗೆ ಬಿದ್ದ. ಅವನಿಗೆ ಅಳು ತಡೆಯಲಾಗಲಿಲ್ಲ.

"ಅಜ್ಜಾರ, ಅಳಿಸಾಕ ಅಪ್ಪಣಿ ಕೊಡ್ರಿ. ಅವ್ವನ ಪದಾ ಎಲ್ಲಾ ಹೋದ್ವು."

"ಹೋದ್ವು ಅಂತ ಕಂಪ್ಯೂಟರ್ ಹೇಳಿತೇನು?"

"ಇಲ್ರಿ. ಶುರು ಆಗೂದಿಲ್ಲ ಅಂತ ಹೇಳಾಕತ್ತೈತ್ರಿ."

ಅಜ್ಜ ಎದ್ದು ಬಂದು ಕಂಪ್ಯೂಟರಿನ ಮುಂದೆ ಚಕ್ಕಂಬಕ್ಕಳ ಹಾಕಿ ಕುಳಿತರು. ತೆರೆಯ ಮೇಲೆ ಬೆರಳಿಟ್ಟು ಎಣಿಸಿದರು.

"ಇಲ್ಲಿ ಮೂರು ಸಾಲು ಅದಾವು. ನೀ ಒಂದ ಹೇಳಿದಿ. ಉಳಿದ ಎರಡು?"

"ಅವು ಹಂಗ ಇರ್ತಾವ್ರಿ ಅಜ್ಜಾರ. ಕೆಟ್ಟ ಕಂಪ್ಯೂಟರಿನ್ಯಾಗ ಇದ ಬರ್ತೈತಿ."

"ನನಗ ಇಂಗ್ಲಿಷ್ ಬರೂದಿಲ್ಲ. ಕನ್ನಡದಾಗ ಹೇಳು. ಒಂದೊಂದ ಶಬ್ದ."

ಚನ್ನವೀರ ಕಣ್ಣೊರೆಸಿಕೊಂಡ. ಮೂರು ದಿನ ಅದನ್ನೇ ನೋಡಿದ್ದ. ಓದುವುದು ಈಗಲೇ ಮೊದಲು.

"ಈ ಡಿಸ್ಕಿನಿಂದ... ಚಾಲೂ ಆಗಾಕ ಬರೂದಿಲ್ಲ."

"ಹೂಂ."

"ಹೊರಗಿಂದ ಚುಚ್ಚಿದ್ದು ಏನರ ಇದ್ರ... ತಗೀರಿ..."

ಅವನ ಕಣ್ಣು ಕಂಪ್ಯೂಟರಿನ ಹಿಂಬದಿಗೆ ಹೋಯಿತು.

"ಕಡೀ ಸಾಲು?" ಎಂದರು ಅಜ್ಜ.

"ಆಮ್ಯಾಲ ಯಾವುದರ ಒಂದು ಬಟನ್ ಒತ್ರಿ."

ಚನ್ನವೀರ ಕಂಪ್ಯೂಟರಿನ ಹಿಂದಕ್ಕೆ ಕೈಹಾಕಿದ. ಜೇಡರ ಬಲೆಯ ನಡುವೆ ಒಂದು ಪೆನ್‌ಡ್ರೈವ್ ಸಿಕ್ಕಿತು. ಮುಂಜಾನೆಯ ಶಹನಾಯಿ ಇದ್ದದ್ದು ಅದರಲ್ಲೇ. ಎರಡು ವರ್ಷದಿಂದ ಅದು ಅಲ್ಲೇ ಇತ್ತು, ಶಹನಾಯಿ ಬರುವುದು ಎಲ್ಲಿಂದ ಎಂದು ಎಲ್ಲರೂ ಮರೆತೇಬಿಟ್ಟಿದ್ದರು.

ಅದನ್ನು ಕಿತ್ತ. ಬಟನ್ ಒತ್ತಿದ.

ತೆರೆ ಬೆಳಗಿತು. ಬಸಲಿಂಗವ್ವನ ನಲವತ್ಮೂರು ಪದಗಳೂ ಸಾಲಾಗಿ ಬಂದು ನಿಂತವು.

"ಬಂದ್ವ್ರೀ! ಅಜ್ಜಾರ, ಎಲ್ಲಾ ಬಂದ್ವ್ರೀ!"

ಅವನು ಕೂಗಿದ ರಭಸಕ್ಕೆ ಬೇವಿನ ಮರದ ಹಕ್ಕಿಗಳೆಲ್ಲ ಹಾರಿಹೋದವು. ಖುಷಿಯಲ್ಲಿ ಅಜ್ಜನನ್ನೇ ತಬ್ಬಿಕೊಂಡ. ತಬ್ಬಿದ್ದು ಗುರುವನ್ನು ಎಂದು ನೆನಪಾಗಿ ಮತ್ತೆ ಕಾಲಿಗೆ ಬಿದ್ದ. ಅಜ್ಜ ನಗುತ್ತಾ ಅವನ ಬೆನ್ನು ತಟ್ಟಿದರು.

"ಆಗಿದ್ದೇನು, ಅದನ್ನ ಹೇಳು."

"ಮೊದಲ ಇದು ಸೀದಾ ತನ್ನ ಡಿಸ್ಕಿಗೆ ಹೋಗ್ತಿತ್ರಿ. ಹೊಸಾ ಫರ್ಮ್‌ವೇರ್ ಬಂದ ಮ್ಯಾಲ ಮೊದಲ ಪೆನ್‌ಡ್ರೈವಿಗೆ ಹೋಗಾಕತ್ತೈತಿ. ಅದರಾಗ ಶಹನಾಯಿ ಬಿಟ್ರ ಏನೂ ಇಲ್ಲ. ಅಲ್ಲೇ ನಿಂತಬಿಟ್ಟೈತ್ರಿ."

"ಹೊಸಾ ಸೊಸಿ," ಎಂದರು ಅಜ್ಜ. "ಬ್ಯಾಳಿ ಡಬ್ಬಿ ಯಾವುದು ಗೊತ್ತಿಲ್ಲ. ಕೈಗೆ ಸಿಕ್ಕ ಡಬ್ಬಿ ಹಿಡಕೊಂಡು ನಿಂತಾಳ."

ಅಂದು ಚನ್ನವೀರ ನಾಳೆ ಎನ್ನಲಿಲ್ಲ. ಸ್ನಾನಕ್ಕೂ ಹೋಗದೆ ಎಲ್ಲಾ ಪದಗಳನ್ನು ಎರಡು ಕಡೆ ನಕಲು ಮಾಡಿಟ್ಟ. ಕಂಪ್ಯೂಟರಿಗೆ ಮೊದಲು ಎಲ್ಲಿಗೆ ಹೋಗಬೇಕೆಂದು ಮತ್ತೆ ಹೇಳಿಕೊಟ್ಟ. ಆಮೇಲೆಯೇ ರೊಟ್ಟಿ ಮುರಿದ.

ಮಧ್ಯಾಹ್ನ ಬಸಲಿಂಗವ್ವ ಬಂದಳು. ಕಂಪ್ಯೂಟರಿನಿಂದ ಅವಳ ಹಳೆಯ ದನಿ ಮಠವನ್ನೆಲ್ಲ ತುಂಬಿ ಹೊಳೆಯ ತನಕ ಹೋಯಿತು. ಅವಳು ನೆಲಕ್ಕೆ ಕೈ ಬಡಿದು ತಾಳ ಹಾಕಿದಳು. ಹಾಡು ಮುಗಿದಾಗ ಅವಳ ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು.

ಆಕೆ ಕೈ ಎತ್ತಿ ಏನೋ ಹೇಳಲು ಹೊರಟಳು. ಇನ್ನೊಂದು ಹಾಕಲೇನವ್ವಾ ಎಂಬ ಮಾತು ಚನ್ನವೀರನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಅವಳ ಬಾಯಿಯ ಹತ್ತಿರ ಕಿವಿಯಿಟ್ಟು ಸುಮ್ಮನೆ ಕುಳಿತ.

ಪಿಸುಮಾತು ಒಂದೊಂದೇ ಶಬ್ದವಾಗಿ ಬಂತು.

"ಎರಡನೇ ನುಡಿ ತಪ್ಪು ಹಾಡೀನೋ ತಮ್ಮಾ. ದಿನಾ ಬರ್ತೀನಿ. ಸರಿ ಮಾಡಿ ಹೇಳಿಕೊಡ್ತೀನಿ, ನೀ ಹಾಡು."

ಚನ್ನವೀರ ಅಂದೇ ಮೊದಲನೆಯ ಪದ ಕಲಿತ. ಸಂಜೆ ಅದನ್ನು ಹಾಡುತ್ತಲೇ ಹೊಳೆಯ ಕಡೆಯ ಬಾಗಿಲು ಹಾಕಿ ಬಂದು ಅಜ್ಜನ ಎದುರು ಕುಳಿತ.

"ಅಜ್ಜಾರ, ನೀವು ಒಂದ ದಿನಾನೂ ಕಂಪ್ಯೂಟರ್ ಮುಟ್ಟಿದವರಲ್ಲ. ನಿಮಗ ಹೆಂಗ ಗೊತ್ತಾತ್ರಿ?"

"ನನಗೂ ಗೊತ್ತಿದ್ರ," ಎಂದರು ಅಜ್ಜ, "ಕಡೀ ಸಾಲಿನ ತನಕಾ ನಾನೂ ಕೇಳ್ತಿದ್ದಿಲ್ಲಪಾ."